ಮುನ್ನೂರರಲ್ಲಿ ಕಂಡ ಹಳದಿ

ಕನಕಪುರ
3 ಜೂನ್ 2024

ಸಾಬೀರ್ ಸಾಹೇಬರಿಗೆ ಲತಾಮಣಿಯ ನಮಸ್ಕಾರಗಳು.

ಈ ಕಾಲದಲ್ಲೂ ಕಾಗದ ಬರೆಯುತ್ತಿದ್ದಾಳಲ್ಲ ಈ ಮೇಡಂ ಎಂದು ನಗಬೇಡಿ. ಫೋನಿನಲ್ಲಿ ಹೇಳಿದ್ದರ ಫಲ ನಮ್ಮ ಕಾಲೇಜಿನ ವರಾಂಡದಲ್ಲಿ ಕೂತಿದೆ. ನಾನು ಹದಿನೆಂಟು ಸೆಂಟಿಮೀಟರ್ ಅಗಲದ ಡಬ್ಬಿ ಎಂದೆ. ನಿಮ್ಮ ಲೇತ್ ಮಿಷನ್ನಿನ ಸದ್ದಿನಲ್ಲಿ ಅದು ಹದಿನೆಂಟು ಇಂಚು ಎಂದು ಕೇಳಿಸಿತು. ಟೆಂಪೋದಲ್ಲಿ ಬಂದಿಳಿದ ಆ ಡಬ್ಬಿಯಲ್ಲಿ ಈಗ ನಮ್ಮ ಅಟೆಂಡರ್ ಮಾಯಮ್ಮ ರಾಗಿ ತುಂಬಿಟ್ಟಿದ್ದಾಳೆ. ಇಲಿ ಬರುವುದಿಲ್ಲವಂತೆ, ಬಹಳ ಸಂತೋಷಪಟ್ಟಳು. ನನಗೆ ಮಾತ್ರ ಏನೂ ಸಿಗಲಿಲ್ಲ. ಆದ್ದರಿಂದ ಇನ್ನು ಮುಂದೆ ಎಲ್ಲವೂ ಕಾಗದದಲ್ಲೇ ಆಗಲಿ. ನಿಜವಾದ ಅಳತೆಯಲ್ಲೇ ನಕ್ಷೆ ಬರೆದು ಜೊತೆಗಿಟ್ಟಿದ್ದೇನೆ. ಅದರ ಮೇಲೆ ಡಬ್ಬಿ ಇಟ್ಟರೆ ಗೆರೆಗೆ ಗೆರೆ ಕೂರಬೇಕು.

ನನಗೆ ಬೇಕಾದದ್ದೇನೆಂದು ಮೊದಲಿನಿಂದ ಹೇಳುತ್ತೇನೆ. ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿ ಬಣ್ಣ ಅಳೆಯುವ ಯಂತ್ರವೊಂದಿದೆ, ಸ್ಪೆಕ್ಟ್ರೋಮೀಟರ್ ಎನ್ನುತ್ತಾರೆ. ನಿಮ್ಮ ಮಗಳು ಸಾನಾ ನನ್ನ ವಿದ್ಯಾರ್ಥಿಯಾಗಿದ್ದಾಗ ಅದರ ಮುಂದೆಯೇ ಕೂತಿರುತ್ತಿದ್ದಳು. ಅದರ ಅಳೆಯುವ ಭಾಗ ಗಟ್ಟಿಯಾಗಿದೆ, ಬೆಳಕು ಕೊಡುವ ಭಾಗ ಸತ್ತಿದೆ. ಹೊಸದನ್ನು ತರಿಸುವ ಮನಸ್ಸು ಕಾಲೇಜಿಗಿಲ್ಲ. ಹಾಗಾಗಿ ನಾನೇ ಕಟ್ಟಲು ಹೊರಟಿದ್ದೇನೆ. ಚಪಾತಿ ಡಬ್ಬಿಯಂಥ ಒಂದು ದುಂಡು ಡಬ್ಬಿ. ಒಂದು ಪಕ್ಕದ ಸೀಳಿನಿಂದ ಬಲ್ಬಿನ ಬಿಳಿ ಬೆಳಕು ಒಳಗೆ ಬರುತ್ತದೆ. ನಡುವೆ ಗ್ರೇಟಿಂಗ್ ಎನ್ನುವ ಚಿಕ್ಕ ಗಾಜಿನ ತುಂಡು ಇರುತ್ತದೆ. ಅದು ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ಹರಡುತ್ತದೆ. ಮುಚ್ಚಳದ ಮೇಲಿನ ಹಿಡಿ ತಿರುಗಿಸಿದರೆ ಗಾಜೂ ತಿರುಗಿ, ಇನ್ನೊಂದು ಸೀಳಿನಿಂದ ಒಂದು ಸಲಕ್ಕೆ ಒಂದೇ ಬಣ್ಣ ಹೊರಗೆ ಬರಬೇಕು. ಹೊರಗೆ ಬಂದ ಬಣ್ಣ ಯಾವುದು ಎಂದು ಹಿಡಿಯ ಸುತ್ತ ಅಂಕಿಗಳು, ಅಂದರೆ ಆ ಬಣ್ಣದ ಅಲೆಯ ಉದ್ದ ಎಷ್ಟು ನ್ಯಾನೋಮೀಟರ್ ಎಂಬ ಲೆಕ್ಕ, ಹೇಳಬೇಕು. ಅಷ್ಟೇ.

ದಸರಾ ರಜೆಗೆ ಮುಂಚೆ ವಿಶ್ವವಿದ್ಯಾಲಯದ ತಂಡ ಬರುತ್ತದೆ. ನಡೆಯುವ ಲ್ಯಾಬು ಕಾಣಿಸದಿದ್ದರೆ ನಮ್ಮಲ್ಲಿ ಫಿಸಿಕ್ಸ್ ಮುಚ್ಚಿದ ಹಾಗೆಯೇ. ನಮ್ಮ ಪ್ರಿನ್ಸಿಪಾಲ್ ಬೋರಲಿಂಗಯ್ಯನವರು ಆಗಲೇ ಬಾಗಿಲಲ್ಲಿ ನಿಂತು ಕೋಣೆಯ ಉದ್ದಗಲ ನೋಡಿಕೊಂಡರು. "ಕೇರಂ ಬೋರ್ಡ್‌ಗೆ ಒಳ್ಳೆ ಜಾಗ ಕಣಮ್ಮ" ಎಂದರು.

ನಿಮ್ಮ ಉತ್ತರ ಕಾಯುವ,
ಲತಾಮಣಿ


ಚನ್ನಪಟ್ಟಣ
14 ಜೂನ್ 2024

ಮೇಡಂ ಅವರಿಗೆ ಸಾಬೀರನ ಸಲಾಮುಗಳು.

ನಕ್ಷೆ ಕೈಸೇರಿತು. ಇಂಚಾಗಲಿ ಸೆಂಟಿಮೀಟರಾಗಲಿ, ದುಂಡಗಿದ್ದರೆ ಅದು ನನ್ನ ಕೆಲಸ. ಒಳ್ಳೆಯ ಆಲೆ ಮರದ ತುಂಡು ಒಣಗಿಸಿಟ್ಟಿದ್ದೆ, ಅದನ್ನೇ ಹಾಕಿದ್ದೇನೆ. ನಿಮ್ಮಿಂದ ಏನೂ ಬೇಡ. ಆದರೆ ಒಂದು ಕೆಲಸ ಆಗಬೇಕು.

ನನ್ನ ಹಳದಿಯ ಮೇಲೆ ಅಪವಾದ ಬಂದಿದೆ. ಬೆಂಗಳೂರಿನ ಒಬ್ಬ ಅಂಗಡಿಯವರು ಮಕ್ಕಳ ಗಿಲಕಿಗಳನ್ನು ಮೂಟೆ ಕಟ್ಟಿ ವಾಪಸು ಕಳಿಸಿದ್ದಾರೆ. ಈ ಹಳದಿ ಅರಿಸಿನದ್ದಲ್ಲವಂತೆ, ಫ್ಯಾಕ್ಟರಿ ಬಣ್ಣವಂತೆ. ಹೋಲಿಸಿ ನೋಡಿಕೊಳ್ಳಿ ಎಂದು ಆ ಬಣ್ಣದ ಒಂದು ಪೊಟ್ಟಣವನ್ನೂ ಮೂಟೆಯಲ್ಲಿಟ್ಟಿದ್ದಾರೆ. ಮಕ್ಕಳು ಬಾಯಿಗಿಡುವ ಗಿಲಕಿ ಮೇಡಂ! ಅರಗಿಗೆ ಅರಿಸಿನ ಬೆರೆಸಿ ಬೆರೆಸಿ ನನ್ನ ಅಂಗೈ ನೋಡಿದವರು ಕಾಮಾಲೆ ಇದೆಯಾ ಎಂದು ಕೇಳುತ್ತಾರೆ. ಈ ಸಾಬೀರ ಸುಳ್ಳು ಹೇಳಿದ ಎಂದು ಬಜಾರಿನಲ್ಲಿ ಮಾತಾಗಿದೆ. ನಿಮ್ಮ ಯಂತ್ರದಲ್ಲಿ ನನ್ನ ಹಳದಿ ಹಾಕಿ ನೋಡಿ, ಕಂಡದ್ದನ್ನು ಕಾಲೇಜಿನ ಕಾಗದದ ಮೇಲೆ ಬರೆದುಕೊಡಿ. ಅದನ್ನು ಅವರ ಗಲ್ಲಾ ಮೇಲೆ ಇಟ್ಟು ಬರುತ್ತೇನೆ.

ನನ್ನ ಮನೆಯವಳು ಮಜೀದಾ ನಕ್ಷೆ ನೋಡಿ, "ಅವ್ರೇ ಅಳತೆ ಬರ್ದವ್ರೆ, ನಿಮ್ ಬುದ್ಧಿ ಸೇರಿಸ್ಬ್ಯಾಡಿ" ಎಂದಳು. ನಾನೆಲ್ಲಿ ಸೇರಿಸುತ್ತೇನೆ? ಹಿಡಿ ಇರಬೇಕಾದ ಕಡೆ ಒಂದು ಆನೆ ಇಟ್ಟಿದ್ದೇನೆ, ಅಷ್ಟೇ. ತಿರುಗಿಸಿದರೆ ಸೊಂಡಿಲು ಅಂಕಿ ತೋರಿಸುತ್ತದೆ. ನೀವೇ ಹೇಳಿ, ಇದು ಬುದ್ಧಿ ಸೇರಿಸಿದ್ದೋ, ಅನುಕೂಲ ಮಾಡಿದ್ದೋ?

ನಿಮ್ಮ,
ಸಾಬೀರ್


ಕನಕಪುರ
1 ಜುಲೈ 2024

ಸಾಬೀರ್ ಸಾಹೇಬರಿಗೆ ನಮಸ್ಕಾರ.

ಡಬ್ಬಿ ತಲುಪಿತು. ಅಳತೆ ಗೆರೆಗೆ ಗೆರೆ ಕೂತಿದೆ. ಆನೆಯೂ ಇರಲಿ, ಮುದ್ದಾಗಿದೆ. ನಿಮ್ಮ ಹಳದಿಯನ್ನು ಪರೀಕ್ಷಿಸುವುದು ನನ್ನ ಜವಾಬ್ದಾರಿ.

ಆದರೆ ಒಳಗಿನ ಕಪ್ಪು ಅರಗಿನ ಹೊಳಪು ನೋಡಿ ನನಗೆ ಮಾತೇ ಹೊರಡಲಿಲ್ಲ. ಮುಖ ಕಾಣಿಸುತ್ತದೆ. ಇಷ್ಟೊಂದು ಹೊಳಪನ್ನು ನಾನು ನಿರೀಕ್ಷಿಸಿರಲಿಲ್ಲ. ಬೆಳಕು ಒಂದು ಕಡೆ ನಿಲ್ಲದೆ ಒಳಗೆಲ್ಲ ಆಡುತ್ತದೆ. ಈ ವಿಷಯದಲ್ಲಿ ತಮ್ಮ ಕೈಯಿಂದ ಇನ್ನೂ ಏನಾದರೂ ಆಗಬಹುದೇ ಎಂದು ಡಬ್ಬಿಯನ್ನು ಮತ್ತೆ ಕಳಿಸಿಕೊಡುತ್ತಿದ್ದೇನೆ.

ಲತಾಮಣಿ


ಚನ್ನಪಟ್ಟಣ
9 ಜುಲೈ 2024

ಮೇಡಂ ಅವರಿಗೆ ಸಲಾಮುಗಳು.

ನಿಮ್ಮ ಹೊಗಳಿಕೆಯನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇಷ್ಟು ಓದಿದವರಿಗೆ ಮಾತು ಹೊರಡದಂತೆ ಮಾಡಿದ ಹೊಳಪು ಎಂದರೆ ಸಾಮಾನ್ಯವೇ? ಇನ್ನೂ ಬೇಕೆಂದು ಬೇರೆ ಕೇಳಿದ್ದೀರಿ. ಇನ್ನೆರಡು ಕೈ ಅರಗು ಕೊಟ್ಟು, ತಾಳೆಗರಿಯಿಂದ ತಿಕ್ಕಿದ್ದೇನೆ. ಬೊಂಬೆಗೆ ಮಿಂಚು ಬರುವುದೇ ಆ ಗರಿಯಿಂದ. ಈಗ ಡಬ್ಬಿಯೊಳಗೆ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದು.

ಇಂದೇ ಬಸ್ಸಿಗೆ ಹಾಕುತ್ತಿದ್ದೇನೆ.

ಸಾಬೀರ್


ಕನಕಪುರ
11 ಜುಲೈ 2024

ಸಾಬೀರ್ ಸಾಹೇಬರೇ,

ಮರ್ಯಾದೆಗೆಂದು ಸುತ್ತಿ ಬಳಸಿ ಬರೆದದ್ದು ನನ್ನ ತಪ್ಪು. ನೇರವಾಗಿ ಬರೆಯುತ್ತೇನೆ. ಒಳಗೆ ಹೊಳಪು ಬೇಡ. ಒಂಚೂರೂ ಬೇಡ. ಹೊಳಪಿದ್ದರೆ ಬಣ್ಣಗಳೆಲ್ಲ ಗೋಡೆಗೆ ಬಡಿದು ಕಲಸಿಹೋಗುತ್ತವೆ. ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಮಸಿ ಮಸಿಯಾಗಿರಬೇಕು.

ಡಬ್ಬಿಯ ಜೊತೆಗೆ ಹತ್ತಿಯಲ್ಲಿ ಸುತ್ತಿದ ಗ್ರೇಟಿಂಗ್ ಗಾಜು ಇದೆ. ಕಾಲೇಜಿಗೆ ಹೇಳದೆ ನಾನೇ ತರಿಸಿದ್ದು. ಇನ್ನೊಂದು ತರಿಸುವುದು ಕನಸಿನ ಮಾತು. ಅದನ್ನು ಆನೆಯ ಕೆಳಗಿನ ಕಡ್ಡಿಗೆ ಅಂಟಿಸಿ ಕೊಡಿ. ಅಂಚು ಹಿಡಿದು ಎತ್ತಿ. ಮುಖಕ್ಕೆ ಬೆರಳು ತಾಕಿಸಬೇಡಿ.

ಲತಾಮಣಿ


ಚನ್ನಪಟ್ಟಣ
22 ಜುಲೈ 2024

ಮೇಡಂ ಅವರಿಗೆ ಸಲಾಮುಗಳು. ತಾವೂ ಮನೆಯವರೂ ಆರೋಗ್ಯವೆಂದು ಭಾವಿಸುತ್ತೇನೆ. ಕನಕಪುರದಲ್ಲಿ ಮಳೆ ಹೇಗಿದೆ? ಇಲ್ಲಿ ಪರವಾಗಿಲ್ಲ.

ಒಳಗೆ ಮಸಿ ಬಳಿದಾಯಿತು. ಜೀವಮಾನದಲ್ಲಿ ಮೊದಲ ಸಲ ಹೊಳಪನ್ನು ಕೆರೆದು ತೆಗೆದೆ, ಮನಸ್ಸಿಗೆ ಹೇಗೋ ಆಯಿತು.

ಬೆರಳು ತಾಕಿಸಬೇಡಿ ಎಂದು ಬರೆದಿದ್ದಿರಿ. ಆಣೆ ಮಾಡಿ ಹೇಳುತ್ತೇನೆ, ಬೆರಳು ತಾಕಿಸಿಲ್ಲ. ಸುಮ್ಮನೆ ತಿಳಿದುಕೊಳ್ಳೋಣವೆಂದು ಒಂದು ಪ್ರಶ್ನೆ. ಆ ಗಾಜಿನ ಮೇಲೆ ಒಂದು ಮಸುಕು ಇರುತ್ತದಲ್ಲ, ಓರೆಯಾಗಿ ಹಿಡಿದರೆ ಬಣ್ಣಬಣ್ಣವಾಗಿ ಕಾಣುವ ಮಸುಕು, ಅದು ಕೊಳೆಯೋ, ಅದೇ ಸರಕೋ? ಯಾರಾದರೊಬ್ಬರು, ನಮ್ಮಲ್ಲಿ ಯಾರೂ ಅಲ್ಲ, ಅದನ್ನು ಕೊಳೆಯೆಂದು ತಿಳಿದು ತಾಳೆಗರಿಯಿಂದ ಚೆನ್ನಾಗಿ ತಿಕ್ಕಿದರು ಎಂದಿಟ್ಟುಕೊಳ್ಳಿ. ಆಗ ಗಾಜು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆಯೇ?

ಉತ್ತರಕ್ಕೆ ಅವಸರವಿಲ್ಲ. ಆದರೂ ಬೇಗ ಬರೆಯಿರಿ.

ಸಾಬೀರ್


ಕನಕಪುರ
26 ಜುಲೈ 2024

ಸಾಬೀರ್ ಸಾಹೇಬರಿಗೆ ನಮಸ್ಕಾರ.

ಎಷ್ಟು ಒಳ್ಳೆಯ ಪ್ರಶ್ನೆ! ನಿಮ್ಮ ಕಾಗದವನ್ನು ಕ್ಲಾಸಿನಲ್ಲಿ ಓದಿದೆ. ಪ್ರಶ್ನೆ ಕೇಳುವ ಗುಣ ಸಾನಾಳಿಗೆ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು.

ಆ ಮಸುಕೇ ಸರಕು. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ, ಒಂದು ಮಿಲಿಮೀಟರಿನಲ್ಲಿ ಸಾವಿರದಿನ್ನೂರು. ಬೆಳಕು ಆ ಗೆರೆಗಳಿಗೆ ಬಡಿದು ಬಣ್ಣಗಳಾಗಿ ಬೇರೆಯಾಗುತ್ತದೆ. ಗೆರೆ ಒತ್ತೊತ್ತಾಗಿದ್ದಷ್ಟೂ ಬಣ್ಣಗಳು ದೂರ ದೂರ ಹರಡುತ್ತವೆ. ಅದನ್ನು ತಾಳೆಗರಿಯಿಂದ ತಿಕ್ಕಿದರೆ ಉಳಿಯುವುದು ಬರೀ ಗಾಜು. ಅಂಥ ಕೆಲಸ ಮಾಡುವವರು ಈ ಭೂಮಿಯ ಮೇಲೆ ಇರಲಾರರು ಬಿಡಿ. ನಿಮ್ಮ ಕಲ್ಪನೆಗೆ ನಾವೆಲ್ಲ ನಕ್ಕು ಸುಸ್ತಾದೆವು.

ಇಂಥ ಗೆರೆಗಳು ನಿಮ್ಮ ಮನೆಯಲ್ಲೂ ಇವೆ, ಗೊತ್ತೇ? ಸಿಡಿ ತಟ್ಟೆಯನ್ನು ಬಿಸಿಲಿಗೆ ಹಿಡಿದರೆ ಬಣ್ಣ ಕಾಣುವುದು ಅದಕ್ಕೇ. ಅದರ ಗೆರೆಗಳು ಇಷ್ಟು ಒತ್ತಾಗಿಲ್ಲ ಅಷ್ಟೇ.

ಲತಾಮಣಿ


ಚನ್ನಪಟ್ಟಣ
17 ಆಗಸ್ಟ್ 2024

ಮೇಡಂ ಅವರಿಗೆ ಸಲಾಮುಗಳು.

ತಡವಾಯಿತು, ಮನ್ನಿಸಿ. ಮೈಗೆ ಹುಷಾರಿರಲಿಲ್ಲ. ಈಗ ಇದೆ.

ಯಂತ್ರ ಸಿದ್ಧ. ಅಂಕಿಗಳನ್ನು ನಿಮ್ಮ ನಕ್ಷೆಯಲ್ಲಿದ್ದಂತೆಯೇ ಇನ್ನೂರರಿಂದ ಎಂಟುನೂರರವರೆಗೆ ಕೊರೆದಿದ್ದೇನೆ. ನಾನೇ ಟಾರ್ಚ್ ಹಾಕಿ ನೋಡಿದೆ. ಆನೆ ತಿರುಗಿದಂತೆ ಕೆಂಪು, ಹಳದಿ, ಹಸಿರು, ನೀಲಿ, ಎಲ್ಲ ಒಂದೊಂದಾಗಿ ಬಂದವು. ಸುಭಾನಲ್ಲಾ ಎನ್ನಬೇಕು, ಅಷ್ಟು ಚಂದ.

ಗಾಜು ಕೂರಿಸಿದ ಜಾಗವನ್ನು ಹಿಂದಿನಿಂದ ಅರಗು ಹಾಕಿ ಮುಚ್ಚಿದ್ದೇನೆ. ಬಿಚ್ಚಬೇಡಿ. ಬಿಚ್ಚಿದರೆ ಕೋನ ಹೋಗುತ್ತದೆ. ಬಣ್ಣ ಬರುತ್ತಿರುವಾಗ ಬಿಚ್ಚುವುದಾದರೂ ಯಾಕೆ?

ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾನಾ ಮದುವೆಯ ಊಟಕ್ಕೆ ನೀವು ಬಂದಿದ್ದಿರಲ್ಲ. ಆಗ ನಿಮ್ಮ ಫೋನಿನಲ್ಲಿ ಏನಾದರೂ ಫೋಟೊ ತೆಗೆದಿದ್ದೀರಾ? ಊಟ ಮಾಡುತ್ತಿದ್ದವರ ಫೋಟೊ ಎಷ್ಟಿದ್ದರೂ ಸರಿ. ಮಜೀದಾ ಯಾಕೋ ಮನೆಯ ಪೆಟ್ಟಿಗೆಗಳನ್ನೆಲ್ಲ ಬುಡಮೇಲು ಮಾಡಿ ಏನನ್ನೋ ಹುಡುಕುತ್ತಿದ್ದಾಳೆ.

ಸಾಬೀರ್


ಕನಕಪುರ
24 ಆಗಸ್ಟ್ 2024

ಸಾಬೀರ್ ಸಾಹೇಬರಿಗೆ ನಮಸ್ಕಾರ.

ಯಂತ್ರ ಹೊತ್ತಿಸಿದ ದಿನ ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ಕಿಟಕಿ ತೆರೆದಿದ್ದದ್ದು ಆಮೇಲೆ ಗೊತ್ತಾಯಿತು. ಬಣ್ಣಗಳು ನಿಜಕ್ಕೂ ಚಂದ.

ಮದುವೆಯ ಊಟದಲ್ಲಿ ನನ್ನ ಎರಡೂ ಕೈ ತಟ್ಟೆಯ ಮೇಲಿದ್ದವು. ಫೋಟೊ ಇಲ್ಲ, ಕ್ಷಮಿಸಿ.

ಒಂದು ಸಣ್ಣ ತೊಡಕು. ಹಳದಿ ಬೆಳಕು ಐನೂರ ಎಂಬತ್ತರ ಹತ್ತಿರ ಬರಬೇಕು. ನಿಮ್ಮ ಆನೆಯ ಸೊಂಡಿಲು ಮುನ್ನೂರನ್ನು ತೋರಿಸುತ್ತದೆ. ಅಂಕಿ ಕೊರೆಯುವಾಗ ಕೈ ಒಸಿ ಜಾರಿರಬಹುದೇ? ಬೇಸರವಿಲ್ಲದೆ ಕೇಳುತ್ತಿದ್ದೇನೆ.

ಲತಾಮಣಿ


ಚನ್ನಪಟ್ಟಣ
28 ಆಗಸ್ಟ್ 2024

ಲತಾಮಣಿ ಮೇಡಂ ಅವರಿಗೆ,

ಸಾಬೀರನ ಕೈ ಜಾರಿತೆಂದು ಚನ್ನಪಟ್ಟಣದಲ್ಲಿ ಇದುವರೆಗೆ ಯಾರೂ ಹೇಳಿಲ್ಲ. ನಿಮ್ಮ ನಕ್ಷೆ ತಂದು ಅಂಕಿಗಳ ಮೇಲೆ ಇಟ್ಟು ನೋಡಿ. ಒಂದು ಕೂದಲು ಆಚೀಚೆ ಇದ್ದರೆ ನಾನು ಬೊಂಬೆ ಕೆಲಸ ಬಿಟ್ಟು ಸಾತನೂರಿಗೆ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತೇನೆ.

ಅಂಕಿ ಸರಿ ಇದೆ. ಬೇರೆ ಏನು ಸರಿ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಓದಿದವನಲ್ಲ.

ಸಾಬೀರ್


ಕನಕಪುರ
7 ಸೆಪ್ಟೆಂಬರ್ 2024

ಪ್ರೀತಿಯ ಸಾಬೀರ್ ಸಾಹೇಬರಿಗೆ,

ನನ್ನನ್ನು ಕ್ಷಮಿಸಿ. ನಕ್ಷೆ ಇಟ್ಟು ನೋಡಿದೆ. ನಿಮ್ಮ ಅಂಕಿಗಳು ಕೂದಲಿನಷ್ಟೂ ತಪ್ಪಿಲ್ಲ. ತಪ್ಪು ನಿಮ್ಮದಲ್ಲ ಎಂದಮೇಲೆ ತಪ್ಪೇ ಇಲ್ಲ. ಏನಾಗಿದೆ ಎಂದು ಹೇಳಿದರೆ ನೀವು ಕೂತ ಜಾಗದಿಂದ ಏಳುತ್ತೀರಿ.

ಮುನ್ನೂರರ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ನೇರಳೆಯಿಂದಲೂ ಆಚೆಗಿನ ಬೆಳಕು ಅದು. ಜೇನುಹುಳಕ್ಕೆ ಅದರ ಸುಳಿವು ಸಿಗುತ್ತದಂತೆ. ಆದರೆ ನಾನು ಅದನ್ನು ನೋಡುತ್ತಿದ್ದೇನೆ! ಹಳದಿಯಾಗಿ ನೋಡುತ್ತಿದ್ದೇನೆ! ಯೋಚನೆ ಮಾಡಿದೆ. ಹೋದ ಬೇಸಿಗೆಯಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಿಕೊಂಡೆನಲ್ಲ. ಕಣ್ಣಿನ ಸ್ವಂತ ಮಸೂರ ತೆಗೆದರೆ ಕೆಲವರಿಗೆ ಆಚೆಗಿನ ಬೆಳಕು ಸ್ವಲ್ಪ ಕಾಣುವುದುಂಟು ಎಂದು ಓದಿದ್ದೆ. ಖಚಿತ ಮಾಡಿಕೊಳ್ಳಲು ಮಾಯಮ್ಮನನ್ನು ಕರೆದು ತೋರಿಸಿದೆ.

"ಅರಿಸ್ನ ಬಳ್ದಂಗೈತೆ ಮೇಡಮ್ಮೋರೆ" ಎಂದಳು.

ಮೊದಲು ನಿರಾಸೆಯಾಯಿತು. ಆಮೇಲೆ ನೆನಪಾಯಿತು, ಅವಳಿಗೂ ನನಗೂ ಒಂದೇ ಶಿಬಿರದಲ್ಲಿ ಆಪರೇಷನ್ ಆದದ್ದು! ರಾಮನಗರಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ಎಲ್ಲ ವಿವರಿಸಿದೆ. ಅವರು ಬಹಳ ಹೊತ್ತು ನನ್ನ ಕಣ್ಣನ್ನಲ್ಲ, ಮುಖವನ್ನು ನೋಡಿದರು. "ಕಣ್ ಚೆನ್ನಾಗೈತೆ ಅಮ್ಮ. ನಿದ್ದೆ ಸರಿಯಾಗ್ ಮಾಡ್ತಿದ್ದೀರಾ?" ಎಂದು ಕೇಳಿದರು. ಹೊಸ ವಿಷಯ ಎಂದರೆ ಎಲ್ಲರೂ ಹೀಗೆಯೇ.

ಪತ್ರಿಕೆಯವರಿಗೆ ಹೇಳಬೇಕೆಂದಿದ್ದೇನೆ. ನಿಮ್ಮ ಹೆಸರನ್ನೂ ಹಾಕಿಸುತ್ತೇನೆ.

ನಿಮ್ಮ ಋಣದಲ್ಲಿರುವ,
ಲತಾಮಣಿ


ಚನ್ನಪಟ್ಟಣ
12 ಸೆಪ್ಟೆಂಬರ್ 2024

ಮೇಡಂ ಅವರಿಗೆ ಅನೇಕ ಸಲಾಮುಗಳು.

ದಯವಿಟ್ಟು ಪೇಪರಿನವರಿಗೆ ಹೇಳಬೇಡಿ. ಇಂಥದ್ದನ್ನೆಲ್ಲ ಹೊರಗೆ ಹೇಳಿದರೆ ದೃಷ್ಟಿಯಾಗುತ್ತದೆ. ಹೇಳಿದರೂ ನನ್ನ ಹೆಸರು ಬೇಡ.

ಮೇಡಂ, ಕೆಲವು ಸಲ ಹಳದಿ ಹಳದಿಯೇ ಆಗಿರುತ್ತದೆ. ಪ್ರಿನ್ಸಿಪಾಲರಿಗೂ ಒಂದು ಸಲ ತೋರಿಸಿ ನೋಡಿ. ಅವರಿಗೆ ಆಪರೇಷನ್ ಆಗಿಲ್ಲ ತಾನೇ? ನಾನು ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ಕೇಳಬೇಡಿ.

ಮನೆಯಲ್ಲಿ ಹುಡುಕಾಟ ಇನ್ನೂ ನಿಂತಿಲ್ಲ. ನಿನ್ನೆ ಮಜೀದಾ ಅಕ್ಕಿ ಡ್ರಮ್ಮಿನೊಳಗೂ ಕೈ ಹಾಕಿದಳು. "ಏನ್ ಹುಡುಕ್ತಿದ್ದೀಯಾ?" ಎಂದರೆ, "ಏನಿಲ್ಲ" ಎನ್ನುತ್ತಾಳೆ. ನನಗೆ ಊಟ ಸೇರುತ್ತಿಲ್ಲ.

ಸಾಬೀರ್


ಕನಕಪುರ
20 ಸೆಪ್ಟೆಂಬರ್ 2024

ಶ್ರೀ ಸಾಬೀರ್ ಅವರಿಗೆ,

ನೀವು ಹೇಳಿದಂತೆ ಬೋರಲಿಂಗಯ್ಯನವರಿಗೆ ತೋರಿಸಿದೆ. ಅವರ ಕಣ್ಣಿಗೆ ಇದುವರೆಗೆ ಕತ್ತರಿ ತಾಕಿಲ್ಲ. ಒಂದು ಕಣ್ಣು ಮುಚ್ಚಿ ನೋಡಿ, "ಹಳದಿ ಕಣಮ್ಮ. ಇನ್ನೇನ್ ಕಾಣ್ಬೇಕಿತ್ತು?" ಎಂದರು.

ಅಲ್ಲಿಗೆ ನನ್ನ ದಿವ್ಯದೃಷ್ಟಿ ಮುಗಿಯಿತು. ಪತ್ರಿಕೆಯವರಿಗೆ ಇನ್ನೂ ಹೇಳಿರಲಿಲ್ಲ, ಆ ಮಟ್ಟಿಗೆ ನಿಮಗೆ ಕೃತಜ್ಞತೆ.

ಕುಳಿತು ಲೆಕ್ಕ ಮಾಡಿದೆ. ಹಳದಿ ಮುನ್ನೂರರಲ್ಲಿದೆ, ಐನೂರ ಎಂಬತ್ತರ ಹತ್ತಿರ ಇರಬೇಕಿತ್ತು. ಕೆಂಪು ಮುನ್ನೂರ ನಲವತ್ತರಲ್ಲಿದೆ, ಆರುನೂರ ಐವತ್ತರ ಹತ್ತಿರ ಇರಬೇಕಿತ್ತು. ಹಸಿರಿನದೂ ಅದೇ ಕಥೆ. ಎಲ್ಲ ಬಣ್ಣವೂ ಒಂದೇ ಪ್ರಮಾಣದಲ್ಲಿ ತಪ್ಪಿದೆ, ಅರ್ಧಕ್ಕಿಂತ ಚೂರು ಮೇಲೆ. ಕೈ ಜಾರಿದರೆ ಹೀಗಾಗುವುದಿಲ್ಲ. ಒಳಗಿರುವ ತುಂಡಿನಲ್ಲಿ ಗೆರೆಗಳು ಸಾವಿರದಿನ್ನೂರರ ಬದಲು ಆರುನೂರ ಇಪ್ಪತ್ತೈದು ಇದ್ದರೆ ಮಾತ್ರ ಹೀಗಾಗುತ್ತದೆ. ಅಷ್ಟು ಗೆರೆ ಇರುವ ವಸ್ತು ಯಾವುದೆಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ನಿಮಗೂ ಜುಲೈನಲ್ಲಿ ಮಾಡಿದ್ದೆ. ತಾಳೆಗರಿಯ ಪ್ರಶ್ನೆ ಕೇಳಿ ಇಡೀ ಕ್ಲಾಸಿನೊಂದಿಗೆ ನಕ್ಕವಳು ನಾನೇ!

ಕೋಪವಿಲ್ಲ ಎಂದು ಬರೆಯಲು ಕೂತೆ. ಆದರೆ ಕೋಪ ಬಂದಿದೆ. ಗಾಜು ಹೋಯಿತೆಂದಲ್ಲ. ನಾನು ಜೇನುಹುಳ ಎಂದು ಡಾಕ್ಟರ ಮುಂದೆ ವಾದಿಸುವವರೆಗೂ ಸುಮ್ಮನಿದ್ದಿರಲ್ಲ, ಅದಕ್ಕೆ.

ಇಪ್ಪತ್ತೆಂಟಕ್ಕೆ ತಂಡ ಬರುತ್ತದೆ. ಸಿಡಿ ತುಂಡಿನಲ್ಲೇ ನಡೆಸುತ್ತೇನೆ, ಅಂಕಿಗಳನ್ನು ಹೊಸದಾಗಿ ಲೆಕ್ಕ ಹಾಕಿ ಪಟ್ಟಿ ಅಂಟಿಸಿದ್ದೇನೆ. ಮುಚ್ಚುಮರೆ ಇಲ್ಲದೆ ಹಿಂಭಾಗ ಬಿಚ್ಚಿ ಎಲ್ಲರೆದುರು ತೋರಿಸುವವಳೇ. ಮಾಗಡಿಯ ಗಂಡನ ಮನೆಯಲ್ಲಿರುವ ಸಾನಾಳಿಗೂ, ಮಜೀದಾ ಅವರಿಗೂ ಬರಲು ಹೇಳಿ ಕಳಿಸಿದ್ದೇನೆ. ನಿಮ್ಮ ಹಳದಿಯ ಪರೀಕ್ಷೆಯೂ ಅಂದೇ.

ಲತಾಮಣಿ


ಚನ್ನಪಟ್ಟಣ
22 ಸೆಪ್ಟೆಂಬರ್ 2024

ಮೇಡಂ, ಕಾಲಿಗೆ ಬೀಳುತ್ತೇನೆ, ಹಿಂಭಾಗ ಬಿಚ್ಚಬೇಡಿ.

ಬಿಚ್ಚಿದರೂ ಮಜೀದಾ ಇಲ್ಲದಾಗ ಬಿಚ್ಚಿ. ಅದು ಸಾನಾ ಮದುವೆಯ ಫೋಟೊ ಸಿಡಿ. ಮೂರು ಸಿಡಿ ಇದ್ದವು. ನಿಕಾಹ್‌ದು ಮುಟ್ಟಲು ಮನಸ್ಸಾಗಲಿಲ್ಲ. ಮಗಳನ್ನು ಕಳಿಸಿಕೊಟ್ಟದ್ದು ಮುಟ್ಟಿದರೆ ಅಳು ಬರುತ್ತದೆ. ಊಟದ್ದು ಹೇಗೂ ಉಂಡಾಯಿತಲ್ಲ ಎಂದು ಕತ್ತರಿಸಿದೆ. ಮಜೀದಾ ಈಗ ಮನೆಯೆಲ್ಲ ಹುಡುಕುತ್ತಿರುವುದು ಅದನ್ನೇ. ನಿಮ್ಮ ತುಂಡಿನ ಹಿಂದೆ ಫೋಟೊದವನ ಕೈಬರಹದಲ್ಲಿ 'ಊಟ' ಎಂದು ಬರೆದಿದೆ. ಅಳಿಸಲು ನೋಡಿದೆ, ಹೋಗಲಿಲ್ಲ. ನಿಮ್ಮ ಗೆರೆ ಅಷ್ಟು ಸುಲಭಕ್ಕೆ ಹೋಯಿತು, ಇದು ಹೋಗಲಿಲ್ಲ.

ನೀವು ಜೇನುಹುಳ ಆದಾಗಲೇ ಹೇಳಬೇಕಿತ್ತು. ಆದರೆ ನೀವು ಎಷ್ಟು ಸಂತೋಷದಲ್ಲಿದ್ದಿರಿ ಎಂದರೆ ಹೇಳಲು ಬಾಯಿ ಬರಲಿಲ್ಲ.

ಇಪ್ಪತ್ತೆಂಟಕ್ಕೆ ನಾನು ಬರುವುದಿಲ್ಲ. ಕಾಲು ನೋವು.

ಸಾಬೀರ್


ಕನಕಪುರ
30 ಸೆಪ್ಟೆಂಬರ್ 2024

ಸಾಬೀರ್ ಸಾಹೇಬರಿಗೆ ನಮಸ್ಕಾರ.

ನಿಮ್ಮ ಕಾಗದ ಇಂದು ಬೆಳಿಗ್ಗೆ ಕೈಗೆ ಬಂತು. ಆಗಬೇಕಾದದ್ದೆಲ್ಲ ಆಗಿ ಹೋದಮೇಲೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ತಂಡದ ಮೂವರೂ ಆನೆ ತಿರುಗಿಸಲು ಪೈಪೋಟಿ ಮಾಡಿದರು. ಗಾಜಿನ ಮೇಲೆ ನಿಮ್ಮ ಹಳದಿ ಅರಗನ್ನು ತೆಳ್ಳಗೆ ಸವರಿ, ಒಂದೊಂದೇ ಬಣ್ಣದ ಬೆಳಕು ಹಾಯಿಸಿ, ಯಾವುದನ್ನು ಎಷ್ಟು ನುಂಗುತ್ತದೆ ಎಂದು ನೋಡಿದೆವು. ಮಾಯಮ್ಮನ ಮನೆಯ ಅರಿಸಿನವನ್ನು ಬರೀ ಅರಗಿಗೆ ಬೆರೆಸಿ ಅದನ್ನೂ ನೋಡಿದೆವು. ಎರಡೂ ನೀಲಿ ನೇರಳೆಯನ್ನು ಒಂದೇ ಜಾಗದಲ್ಲಿ ನುಂಗಿದವು. ಅಂಗಡಿಯವರು ತಾವು ಅನುಮಾನಿಸುವ ಫ್ಯಾಕ್ಟರಿ ಹಳದಿಯ ಪೊಟ್ಟಣವನ್ನೇ ನಿಮಗೆ ಕಳಿಸಿದ್ದರಲ್ಲ, ಸಾನಾ ಅದನ್ನೂ ತಂದಿದ್ದಳು. ಅದರ ದಾರಿಯೇ ಬೇರೆ. ಇಷ್ಟನ್ನೇ, ಇದಕ್ಕಿಂತ ಹೆಚ್ಚಿಲ್ಲದೆ, ಕಾಲೇಜಿನ ಕಾಗದದಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಲ್ಯಾಬ್ ಉಳಿಯಿತು. ಬೋರಲಿಂಗಯ್ಯನವರು ಹೊರಗೆ ಬಂದು, "ಕೇರಂ ಬೋರ್ಡ್ ಸ್ಟಾಫ್ ರೂಮ್‌ನಾಗೇ ಹಾಕ್ಕೊಂಡ್ರೆ ಆಯ್ತು ಬುಡಮ್ಮ" ಎಂದರು.

ಇನ್ನು ಕೆಟ್ಟದ್ದು. ತಂಡದವರು ಕೇಳುವ ಮೊದಲೇ ನಾನು ಹಿಂಭಾಗದ ಅರಗು ಬಿಡಿಸಿ ತೋರಿಸಿದೆ. ನಿಮ್ಮ ಮಜೀದಾ ಎಲ್ಲರಿಗಿಂತ ಮುಂದೆ ನಿಂತಿದ್ದರು. 'ಊಟ' ಎಂಬ ಅಕ್ಷರ ಓದಿದರು. ಓದಿದವರೇ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು. ಭುಜಗಳು ಅಲುಗುತ್ತಿದ್ದವು. ಕಣ್ಣಲ್ಲಿ ನೀರು. ನಾನು ಯಾಕೆಂದು ತಿಳಿಯದೆ ನೀರಿನ ಲೋಟ ಕೊಟ್ಟೆ. ಅದನ್ನು ಹಾಗೆಯೇ ಮೇಜಿನ ಮೇಲಿಟ್ಟರು. ಸಾನಾಳ ಕೈ ಹಿಡಿದು ಬಸ್ಸಿಗೆ ಹೋದರು.

ನಿಮ್ಮ ಕಾಗದ ಓದಿದಮೇಲೆ ಅರ್ಥವಾಯಿತು. ಸಾಹೇಬರೇ, ನನ್ನ ಕೋಪ ಎಂದೋ ಹೋಯಿತು. ಅವರಿಗೆ ಮಾತ್ರ ಏನು ಹೇಳುತ್ತೀರೋ ಯೋಚಿಸಿ.

ಲತಾಮಣಿ


ಮಾಗಡಿ
4 ಅಕ್ಟೋಬರ್ 2024

ಮೇಡಂ, ನಮಸ್ಕಾರ. ನಾನು ಸಾನಾ. ಅಮ್ಮ ನಮ್ಮ ಮನೆಗೆ ಬಂದಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ಮೇಡಮ್ಮೋರೆ, ಆವತ್ತು ಹೇಳ್ದೆ ಕೇಳ್ದೆ ಬಂದ್ಬುಟ್ಟೆ, ತಪ್ಪು ತಿಳ್ಕೋಬ್ಯಾಡಿ. ನೀವು ನೀರ್ ಕೊಟ್ರಲ್ಲ, ನಾನ್ ಅಳ್ತಿರ್ಲಿಲ್ಲ. ನಗು ತಡ್ಕೊಳಾಕಾಗ್ದೆ ಅಂಗಾಯ್ತು. ದೊಡ್ಡೋರೆಲ್ಲ ಬಂದವ್ರೆ, ಅವ್ರ ಮುಂದೆ ಎಂಗ್ ನಗೋದು?

"ಆ ಊಟದ್ ಸಿಡಿನಾಗೆ ಏನೂ ಇರ್ಲಿಲ್ಲ. ಖಾಲಿ. ಮದ್ವೆಗೆ ಫೋಟೊ ತೆಗ್ದಿದ್ದು ನಮ್ ಅಕ್ಕನ್ ಮಗ ಫರ್ಹಾನ್. ಇವ್ರು ಬ್ಯಾರೆಯೋರ್ನ ಕರ್ಸಾನ ಅಂದಿದ್ರು. ನಾನೇ ಹಟ ಮಾಡಿ, ನಮ್ ಹುಡ್ಗ ಚೆನ್ನಾಗ್ ತೆಗೀತಾನೆ ಅಂತ ಅವ್ನಿಗೇ ಕೊಡ್ಸಿದ್ದೆ. ಆ ಪುಣ್ಯಾತ್ಮ ಊಟದ್ ಟೈಮ್‌ನಾಗೆ ತಾನೂ ಊಟಕ್ ಕೂತ್ಬುಟ್ಟವ್ನೆ! ಒಂದ್ ಫೋಟೊನೂ ಇಲ್ಲ. ಮೂರ್ ಸಿಡಿ ಅಂತ ಮಾತಾಗಿತ್ತಲ್ಲ, ಅದ್ಕೆ ಖಾಲಿದುಕ್ಕೇ 'ಊಟ' ಅಂತ ಬರ್ದು ಕೊಟ್ಬುಟ್ಟ. ನಂಗೆ ಸಾನಾ ಮನೇಲಿ ಹಾಕಿ ನೋಡ್ದಾಗ್ಲೇ ಗೊತ್ತಾಯ್ತು. ಇವ್ರಿಗೆ ಹೇಳಿದ್ರೆ ಸಾಯೋಗಂಟ ಆಡ್ಕೋತಾರೆ ಅಂತ ಬಾಯ್ ಮುಚ್ಕೊಂಡಿದ್ದೆ.

"ಈಗ ಮನೇಲಿ ಹುಡುಕಿದ್ದೂ ಅದ್ಕೇಯ. ಇವ್ರು ಯಾಕೋ ಊಟದ್ ಫೋಟೊ, ಊಟದ್ ಫೋಟೊ ಅಂತ ಎಲ್ರನ್ನೂ ಕೇಳ್ತಾ ಓಡಾಡ್ತಿದ್ರು. ಎಲ್ಲಿ ಸಿಡಿ ಹಾಕಿ ನೋಡ್ಬುಡ್ತಾರೋ ಅಂತ, ಅವ್ರ ಕೈಗೆ ಸಿಗೋಕ್ ಮುಂಚೆ ಎತ್ತಿಟ್ಬುಡಾನ ಅಂತ ಹುಡುಕ್ದೆ. ನೋಡಿದ್ರೆ ಅವ್ರೇ ಕತ್ರಿಸಿ ನಿಮ್ ಡಬ್ಬಿಗ್ ಹಾಕವ್ರೆ!

"ಇವ್ರಿಗೆ ಮಾತ್ರ ಹೇಳ್ಬ್ಯಾಡಿ ಮೇಡಮ್ಮೋರೆ. ನಾನೂ ಬಯ್ಯಾಕ್ ಹೋಗಲ್ಲ. ಅವ್ರು ಏನೂ ಕೇಳ್ಲಿಲ್ಲ, ನಾನೂ ಏನೂ ಹೇಳ್ಲಿಲ್ಲ. ಇಂಗೇ ಇರ್ಲಿ."

ಅಮ್ಮ ಹೇಳಿದ್ದು ಇಷ್ಟು. ನನ್ನದೊಂದು ಪ್ರಶ್ನೆ ಮೇಡಂ. ಏನೂ ಬರೆಯದ ಸಿಡಿಯಲ್ಲೂ ಗೆರೆ ಇರುತ್ತದೆಯೇ? ಇರಬೇಕು ಎನಿಸಿತು. ಇಲ್ಲದಿದ್ದರೆ ಅಷ್ಟು ಬಣ್ಣ ಎಲ್ಲಿಂದ ಬರಬೇಕು?

ಸಾನಾ


ಚನ್ನಪಟ್ಟಣ
16 ಅಕ್ಟೋಬರ್ 2024

ಮೇಡಂ ಅವರಿಗೆ ಸಾಬೀರನ ಸಲಾಮುಗಳು.

ಕಾಲೇಜಿನ ಕಾಗದವನ್ನು ಅಂಗಡಿಯವರ ಮುಂದಿಟ್ಟೆ. ಎರಡು ಸಲ ಓದಿದರು. ಟೀ ತರಿಸಿದರು. ಗಿಲಕಿಗಳು ಮತ್ತೆ ಹೋಗಿವೆ. ಬಜಾರಿನಲ್ಲಿ ನನ್ನ ಹಳದಿ ತಲೆಯೆತ್ತಿ ಓಡಾಡುತ್ತಿದೆ.

ಆದರೆ ಮನೆಯಲ್ಲಿ ನನಗೆ ಜೀವ ಇಲ್ಲ. ಮಜೀದಾ ಒಂದು ಮಾತೂ ಬಯ್ಯಲಿಲ್ಲ. ಮಾಗಡಿಯಿಂದ ಬಂದವಳು ಬಿರಿಯಾನಿ ಮಾಡಿ ಬಡಿಸಿದಳು. ನಾನು ಅರ್ಧ ರಾಜನ ಹಾಗೆ, ಅರ್ಧ ಕುರ್ಬಾನಿ ಕುರಿಯ ಹಾಗೆ ಕೂತು ತಿಂದೆ. ಅಷ್ಟು ಅತ್ತವಳು ನನ್ನ ಮುಂದೆ ನಗುನಗುತ್ತಾ ಇದ್ದಾಳೆ ಎಂದರೆ ಎಷ್ಟು ದೊಡ್ಡ ಮನಸ್ಸು ನೋಡಿ. ಕೆಲವು ಸಲ ನನ್ನ ಮುಖ ನೋಡಿ ಇದ್ದಕ್ಕಿದ್ದ ಹಾಗೆ ಅಡುಗೆಮನೆಗೆ ಓಡಿಹೋಗುತ್ತಾಳೆ. ಒಳಗೆ ಇನ್ನೂ ಅಳುತ್ತಿದ್ದಾಳೆ ಪಾಪ.

ಅದಕ್ಕೇ ಒಂದು ನಿರ್ಧಾರ ಮಾಡಿದೆ. ಕಳೆದುಹೋದ ಊಟವನ್ನು ಮತ್ತೆ ಹಾಕಿಸುವುದು. ಬರುವ ತಿಂಗಳ ಎರಡನೇ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರಿಗೂ ಊಟ. ಅಂದು ಪಂಕ್ತಿಯಲ್ಲಿದ್ದವರೆಲ್ಲ ಅದೇ ಜಾಗದಲ್ಲಿ ಕೂರಬೇಕು. ನೀವು ಕಿಟಕಿಯ ಪಕ್ಕ ಕೂತಿದ್ದಿರಿ, ಅಲ್ಲೇ ಕೂರುತ್ತೀರಿ. ಮಾಯಮ್ಮನನ್ನೂ ಪ್ರಿನ್ಸಿಪಾಲರನ್ನೂ ಕರೆತನ್ನಿ, ಅವರು ಅಂದು ಇರಲಿಲ್ಲ, ಆದರೂ ಬರಲಿ. ಫೋಟೊಗೆ ಬೇರೆ ಯಾರೂ ಬೇಡ, ಅಂದು ತೆಗೆದ ಕೈಯೇ ತೆಗೆಯಬೇಕೆಂದು ಫರ್ಹಾನ್‌ನನ್ನೇ ಗೊತ್ತು ಮಾಡಿ ಬಂದಿದ್ದೇನೆ. ನಾನು ಹಿಂದೆ ಅವನನ್ನು ಬೇಡವೆಂದಿದ್ದೆ, ಆ ತಪ್ಪೂ ಇದರಲ್ಲೇ ತೀರಲಿ.

ಹೇಳಿದ ಕೂಡಲೇ ಮಜೀದಾಳಿಗೆ ಕೆಮ್ಮು ಹತ್ತಿಕೊಂಡಿತು. ಸಂತೋಷಕ್ಕೇ ಇರಬೇಕು. ಸುಧಾರಿಸಿಕೊಂಡು ಒಂದೇ ಒಂದು ಷರತ್ತು ಹಾಕಿದ್ದಾಳೆ: ಯಾರು ಬಂದರೂ ಬರದಿದ್ದರೂ, ಎಲ್ಲರಿಗಿಂತ ಮೊದಲು ಫರ್ಹಾನ್‌ಗೆ ಹೊಟ್ಟೆತುಂಬ ಬಡಿಸಿಬಿಡಬೇಕಂತೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ. ಅಕ್ಕನ ಮಗನ ಮೇಲೆ ಅವಳಿಗೆ ಅಷ್ಟು ಪ್ರೀತಿ.

ತಪ್ಪದೆ ಬನ್ನಿ.

ಸಾಬೀರ್